ಓಲೆಗಳಿಗೊಂದು ಸೂರು: ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ ಮತ್ತು ಶಾಸ್ತ್ರದಾನದ ಹೊಣೆ

ಆಹಾರ, ಔಷಧ, ಅಭಯ, ಶಾಸ್ತ್ರ ಎಂದು ಶ್ರಾವಕಾಚಾರವು ದಾನವನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ. ಮೊದಲಿನ ಮೂರರ ಫಲ ಕಣ್ಣಿಗೆ ಬೇಗ ಕಾಣುತ್ತದೆ. ಹಸಿದವನು ಉಂಡು ತಣಿಯುತ್ತಾನೆ, ರೋಗಿ ಚೇತರಿಸಿಕೊಳ್ಳುತ್ತಾನೆ, ಭಯಗೊಂಡ ಜೀವ ನಿರಾಳವಾಗುತ್ತದೆ. ನಾಲ್ಕನೆಯದರ ಫಲ ಮಾತ್ರ ಕೊಟ್ಟವನ ಕಾಲದಲ್ಲಿ ಕಾಣುವುದು ಅಪರೂಪ. ಹತ್ತನೆಯ ಶತಮಾನದ ಕೊನೆಯಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಆ ಕಾವ್ಯ ಸಾವಿರ ವರ್ಷಗಳನ್ನು ದಾಟಿ ನಮ್ಮ ಕೈಸೇರಿರುವುದರಲ್ಲಿ ಆ ದಾನದ ಪಾಲೆಷ್ಟೆಂದು ಅಳೆಯುವ ತಕ್ಕಡಿ ಇಲ್ಲ.

ಅತ್ತಿಮಬ್ಬೆಯ ಕಾಲದಲ್ಲಿ ಶಾಸ್ತ್ರದಾನವೆಂದರೆ ಲಿಪಿಕಾರನಿಗೆ ವೇತನ ಕೊಟ್ಟು ಪ್ರತಿ ಮಾಡಿಸುವುದು. ಮುದ್ರಣ ಬಂದ ಮೇಲೆ ಗ್ರಂಥವನ್ನು ಅಚ್ಚು ಹಾಕಿಸುವುದು ಶಾಸ್ತ್ರದಾನವೆನಿಸಿತು. ಇವೆರಡರ ನಡುವೆ ಇನ್ನೊಂದು ಕೆಲಸವಿದೆ. ಅದು ಓಲೆಯನ್ನು ಮಳೆ, ಗೆದ್ದಲು, ಬೆಂಕಿಗಳಿಂದ ಕಾಪಾಡಿ, ಓದಬಲ್ಲವನ ಕೈಗೆ ತಲುಪಿಸುವ ಕೆಲಸ. ಕನ್ನಡ ನಾಡಿನಲ್ಲಿ ಈ ಕೆಲಸಕ್ಕೆಂದೇ ನಿಂತ ಕಟ್ಟಡಗಳಲ್ಲಿ ಹಿರಿಯದೊಂದು ಮೈಸೂರಿನಲ್ಲಿದೆ. ವಿಶ್ವವಿದ್ಯಾನಿಲಯದ ಕಟ್ಟಡಗಳೆಂದರೆ ಹೆಚ್ಚಿನವರಿಗೆ ಕ್ರಾಫರ್ಡ್ ಭವನವೋ ಮಾನಸಗಂಗೋತ್ರಿಯ ಜಯಲಕ್ಷ್ಮೀ ವಿಲಾಸವೋ ನೆನಪಾಗುತ್ತದೆ. ಅವುಗಳಷ್ಟು ಜನರ ಬಾಯಲ್ಲಿ ಇಲ್ಲದ ಈ ಪ್ರಾಚ್ಯವಿದ್ಯಾ ಸಂಶೋಧನಾಲಯದ ಕಥೆ ಜೈನ ಕುಟುಂಬಗಳಿಗೂ ಬಸದಿಗಳ ಆಡಳಿತ ನೋಡುವವರಿಗೂ ವಿಶೇಷವಾಗಿ ಸಂಬಂಧಿಸಿದ್ದು.

ಕಟ್ಟಡದ ಹುಟ್ಟು

1887ರಲ್ಲಿ ವಿಕ್ಟೋರಿಯಾ ರಾಣಿಯ ಆಳ್ವಿಕೆಗೆ ಐವತ್ತು ವರ್ಷ ತುಂಬಿತು. ಅದರ ನೆನಪಿಗೆ ಮೈಸೂರಿನಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಒಂದು ಭವನಕ್ಕೆ ಅಡಿಗಲ್ಲು ಬಿತ್ತು. ವಿಕ್ಟೋರಿಯಾ ಜ್ಯೂಬಿಲಿ ಭವನವೆಂಬ ಹೆಸರು ಅದಕ್ಕೆ ಬಂದದ್ದು ಹೀಗೆ. ಸಾಮ್ರಾಜ್ಯದ ರಾಣಿಯ ಹೆಸರಿನಲ್ಲಿ ಎದ್ದ ಕಟ್ಟಡಗಳು ಭಾರತದ ಊರೂರಿನಲ್ಲಿವೆ. ಅವುಗಳಲ್ಲಿ ಹೆಚ್ಚಿನವು ಗಡಿಯಾರದ ಗೋಪುರಗಳಾದವು, ಪುರಭವನಗಳಾದವು, ಆಸ್ಪತ್ರೆಗಳಾದವು. ಮೈಸೂರಿನ ಭವನ 1891ರಲ್ಲಿ ಪ್ರಾಚ್ಯ ಪುಸ್ತಕ ಭಂಡಾರವಾಯಿತು. ಸಂಸ್ಥಾನದ ಮಠ, ಅಗ್ರಹಾರ, ಮನೆಗಳಲ್ಲಿ ಚದುರಿಹೋಗಿದ್ದ ಸಂಸ್ಕೃತ ಮತ್ತು ಕನ್ನಡ ಹಸ್ತಪ್ರತಿಗಳನ್ನು ಸಂಗ್ರಹಿಸಿ, ಪಟ್ಟಿಮಾಡಿ, ಶೋಧಿಸಿ ಪ್ರಕಟಿಸುವುದು ಅದರ ಉದ್ದೇಶ.

ಕಟ್ಟಡದ ರೂಪದಲ್ಲಿಯೇ ಎರಡು ಲೋಕಗಳ ಮಿಲನವಿದೆ. ಕೊರಿಂಥಿಯನ್ ಮಾದರಿಯ ಕಂಬಗಳು, ಅರ್ಧವೃತ್ತದ ಕಮಾನುಗಳು ಯುರೋಪಿನಿಂದ ಬಂದವು. ಗೋಡೆಯ ಮೇಲಿನ ಶಿಲ್ಪಾಲಂಕಾರ ಈ ನೆಲದ್ದು. ಒಳಗೆ ಸಾಲು ಕಪಾಟುಗಳಲ್ಲಿ ಬಟ್ಟೆ ಸುತ್ತಿದ ಓಲೆಯ ಕಟ್ಟುಗಳು. 1916ರ ಜುಲೈ 27ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರು ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿದಾಗ ಈ ಭಂಡಾರವೂ ಅದರ ಆಡಳಿತಕ್ಕೆ ಸೇರಿತು. 1943ರಲ್ಲಿ ಪ್ರಾಚ್ಯವಿದ್ಯಾ ಸಂಶೋಧನಾಲಯವೆಂಬ ಈಗಿನ ಹೆಸರನ್ನು ಪಡೆಯಿತು. ವಿಶ್ವವಿದ್ಯಾನಿಲಯಕ್ಕಿಂತ ಇಪ್ಪತ್ತೈದು ವರ್ಷ ಹಿರಿಯದಾದ ಸಂಸ್ಥೆ ವಿಶ್ವವಿದ್ಯಾನಿಲಯದ ಅಂಗವಾದದ್ದು ಗಮನಿಸತಕ್ಕ ಸಂಗತಿ. ವಿದ್ಯಾರ್ಥಿಗಳು ಬರುವುದಕ್ಕೆ ಮೊದಲೇ ಗ್ರಂಥಗಳು ಬಂದು ಕುಳಿತಿದ್ದವು.

ಹೆಸರು ಉಳಿಸದ ದಾನಿ

ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು ಈ ಭಂಡಾರಕ್ಕೆ ಒಂದು ಓಲೆಯ ಕಟ್ಟನ್ನು ಒಪ್ಪಿಸಿದರು. ಗ್ರಂಥಲಿಪಿಯಲ್ಲಿ ಬರೆದ ಸಂಸ್ಕೃತ ಗ್ರಂಥ. ಅದರೊಡನೆ ಭಟ್ಟಸ್ವಾಮಿ ಎಂಬಾತನ ವ್ಯಾಖ್ಯಾನದ ಒಂದು ತುಣುಕು. ಭಂಡಾರದ ಗ್ರಂಥಪಾಲರಾಗಿದ್ದವರು ಕಾವೇರಿ ತೀರದ ರುದ್ರಪಟ್ಟಣದಲ್ಲಿ 1868ರಲ್ಲಿ ಹುಟ್ಟಿದ ಆರ್. ಶಾಮಾಶಾಸ್ತ್ರಿಗಳು. ಅವರು ಕಟ್ಟನ್ನು ಬಿಚ್ಚಿ ಓದಿದರು. ಕೌಟಿಲ್ಯನ ಅರ್ಥಶಾಸ್ತ್ರವೆಂದು ಹಳೆಯ ಗ್ರಂಥಗಳು ಉಲ್ಲೇಖಿಸುತ್ತ ಬಂದಿದ್ದ, ಆದರೆ ವಿದ್ವಾಂಸರು ಕಳೆದುಹೋಯಿತೆಂದೇ ತಿಳಿದಿದ್ದ ಗ್ರಂಥ ಅವರ ಮುಂದೆ ತೆರೆದುಕೊಂಡಿತು.

ಹದಿನೈದು ಅಧಿಕರಣಗಳು, ನೂರೈವತ್ತು ಅಧ್ಯಾಯಗಳು, ನೂರೆಂಬತ್ತು ಪ್ರಕರಣಗಳು. 1905ರಲ್ಲಿಯೇ ಶಾಮಾಶಾಸ್ತ್ರಿಗಳು ಅದರ ಭಾಗಗಳ ಇಂಗ್ಲಿಷ್ ಅನುವಾದವನ್ನು ಪ್ರಕಟಿಸತೊಡಗಿದರು. 1909ರಲ್ಲಿ ಸಂಸ್ಕೃತ ಮೂಲ ಅಚ್ಚಾಯಿತು, 1915ರಲ್ಲಿ ಪೂರ್ಣ ಅನುವಾದ ಗ್ರಂಥರೂಪದಲ್ಲಿ ಬಂದಿತು. ಪ್ರಾಚೀನ ಭಾರತೀಯರಿಗೆ ಪರಲೋಕದ ಚಿಂತೆಯಲ್ಲದೆ ರಾಜ್ಯ, ಕೋಶ, ವ್ಯಾಪಾರಗಳ ಶಾಸ್ತ್ರವಿರಲಿಲ್ಲವೆಂದು ಹೇಳುತ್ತಿದ್ದವರು ತಮ್ಮ ಮಾತನ್ನು ತಿದ್ದಿಕೊಳ್ಳಬೇಕಾಯಿತು. ಜರ್ಮನಿಯಲ್ಲಿ, ಲಾಹೋರಿನಲ್ಲಿ, ತಿರುವನಂತಪುರದಲ್ಲಿ ಇದರ ಅನುವಾದ, ಸಂಪಾದನೆಗಳು ನಡೆದವು. ಮುಂದೆ ಮಹಾಮಹೋಪಾಧ್ಯಾಯರಾದ ಶಾಮಾಶಾಸ್ತ್ರಿಗಳು 1944ರಲ್ಲಿ ತೀರಿಕೊಂಡರು.

ಶಾಮಾಶಾಸ್ತ್ರಿಗಳ ಹೆಸರು ಲೋಕವಿಖ್ಯಾತವಾಯಿತು, ಅದು ನ್ಯಾಯವೇ. ಆದರೆ ಆ ಕಟ್ಟನ್ನು ತಂದುಕೊಟ್ಟ ಪಂಡಿತರು ಗ್ರಂಥದ ಪೀಠಿಕೆಯಲ್ಲಿ ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರಾಗಿಯೇ ಉಳಿದಿದ್ದಾರೆ. ಅವರ ಮನೆಯಲ್ಲಿ ಆ ಓಲೆಗಳು ಎಷ್ಟು ತಲೆಮಾರುಗಳಿಂದ ಇದ್ದಿರಬಹುದು! ಹಿರಿಯರ ಆಸ್ತಿ, ಮನೆಯ ಹೊಸಿಲು ದಾಟಬಾರದೆಂದು ಅವರು ಅಟ್ಟದ ಮೇಲೆಯೇ ಇಟ್ಟಿದ್ದರೆ ಕೇಳುವವರಿರಲಿಲ್ಲ. ಗೆದ್ದಲು ತಿಂದಿದ್ದರೆ ಯಾರಿಗೂ ತಿಳಿಯುತ್ತಲೂ ಇರಲಿಲ್ಲ. ಗುಪ್ತದಾನವನ್ನು ಶ್ರೇಷ್ಠವೆಂದು ಹೊಗಳುವ ಸಮಾಜಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯಲಾರದು.

ಅರ್ಥಶಾಸ್ತ್ರ ಮತ್ತು ಜೈನ ಪರಂಪರೆ

ಕೌಟಿಲ್ಯನ ಗ್ರಂಥಕ್ಕೂ ಜೈನರಿಗೂ ಏನು ಸಂಬಂಧವೆಂಬ ಪ್ರಶ್ನೆ ಏಳಬಹುದು. ಸಂಬಂಧ ಹಳೆಯದು, ಸಂಕೀರ್ಣವೂ ಹೌದು. ಚಂದ್ರಗುಪ್ತ ಮೌರ್ಯನು ಭದ್ರಬಾಹು ಭಟಾರರೊಡನೆ ಶ್ರವಣಬೆಳಗೊಳಕ್ಕೆ ಬಂದು ಸಲ್ಲೇಖನದಿಂದ ದೇಹತ್ಯಾಗ ಮಾಡಿದನೆಂಬ ಪರಂಪರೆ ಎಲ್ಲರೂ ಬಲ್ಲದ್ದು. ಅವನ ಮಂತ್ರಿ ಚಾಣಕ್ಯನನ್ನೂ ಜೈನ ಕಥಾಸಾಹಿತ್ಯ ಮರೆಯಲಿಲ್ಲ. ಕನ್ನಡದ ಹಳೆಯ ಗದ್ಯಗ್ರಂಥವಾದ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಲ್ಲಿ ಒಂದು ಚಾಣಕ್ಯ ರಿಸಿಯದು. ನಂದರ ಮೇಲೆ ಹಗೆ ತೀರಿಸಿಕೊಂಡ ಕುಟಿಲಮತಿ ಅಲ್ಲಿ ಕೊನೆಗೆ ದೀಕ್ಷೆ ವಹಿಸಿ, ಬೆಂಕಿಯ ಉಪಸರ್ಗವನ್ನು ಸಮಭಾವದಿಂದ ಸಹಿಸಿ ಮುಡಿಪುತ್ತಾನೆ. ಈ ವಡ್ಡಾರಾಧನೆಯನ್ನು ಹಸ್ತಪ್ರತಿಗಳಿಂದ ಶೋಧಿಸಿ 1949ರಲ್ಲಿ ಗ್ರಂಥರೂಪಕ್ಕೆ ತಂದವರು ಮೈಸೂರು ವಿಶ್ವವಿದ್ಯಾನಿಲಯದ ಡಿ. ಎಲ್. ನರಸಿಂಹಾಚಾರ್ಯರು.

ಹತ್ತನೆಯ ಶತಮಾನದಲ್ಲಿ ಜೈನಾಚಾರ್ಯ ಸೋಮದೇವಸೂರಿ ನೀತಿವಾಕ್ಯಾಮೃತವೆಂಬ ರಾಜನೀತಿ ಗ್ರಂಥವನ್ನು ರಚಿಸಿದರು. ಯಶಸ್ತಿಲಕ ಚಂಪುವಿನ ಕರ್ತೃವೂ ಅವರೇ. ಪಂಪನಿಗೆ ಆಶ್ರಯವಿತ್ತ ವೇಮುಲವಾಡದ ಚಾಲುಕ್ಯರ ವಂಶದವರ ಕಾಲದಲ್ಲಿ 959ರಲ್ಲಿ ಅದು ಮುಗಿಯಿತು. ನೀತಿವಾಕ್ಯಾಮೃತದಲ್ಲಿ ಕೌಟಿಲ್ಯನ ವಿಚಾರಗಳು ಹೆಜ್ಜೆಹೆಜ್ಜೆಗೂ ಕಾಣುತ್ತವೆ. ನಿಗ್ರಂಥ ಮುನಿಯೊಬ್ಬರು ಅರ್ಥಶಾಸ್ತ್ರವನ್ನು ಅಷ್ಟು ನಿಕಟವಾಗಿ ಓದಿದ್ದರೆಂಬುದು ಸಣ್ಣ ಮಾತಲ್ಲ.

ಇದಕ್ಕಿಂತ ಹೆಚ್ಚು ಯೋಚಿಸಬೇಕಾದ ಸಂಗತಿ ಇನ್ನೊಂದಿದೆ. ಶ್ವೇತಾಂಬರ ಆಗಮವಾದ ನಂದೀಸೂತ್ರವು ಕೌಟಿಲ್ಯನ ಗ್ರಂಥವನ್ನು ಮಿಥ್ಯಾಶ್ರುತದ ಪಟ್ಟಿಯಲ್ಲಿ ಸೇರಿಸುತ್ತದೆ. ಮೋಕ್ಷಮಾರ್ಗಕ್ಕೆ ಒದಗದ, ಗೂಢಚಾರ್ಯೆ, ವಂಚನೆ, ಯುದ್ಧಗಳನ್ನು ಹೇಳಿಕೊಡುವ ಗ್ರಂಥವೆಂಬುದು ಅದರ ತಾತ್ಪರ್ಯ. ಹಾಗಿದ್ದೂ ಗುಜರಾತದ ಪಾಟಣದ ಜೈನ ಭಂಡಾರದಲ್ಲಿ ಅರ್ಥಶಾಸ್ತ್ರದ ಓಲೆಪ್ರತಿಯ ಒಂದು ಭಾಗ ಭದ್ರವಾಗಿ ಉಳಿದಿತ್ತು. ಮುನಿ ಜಿನವಿಜಯರು ಅದನ್ನು 1959ರಲ್ಲಿ ಸಿಂಘೀ ಜೈನ ಗ್ರಂಥಮಾಲೆಯಲ್ಲಿ ಪ್ರಕಟಿಸಿದರು. ದಕ್ಷಿಣದ ಪ್ರತಿಗಳೊಡನೆ ಹೋಲಿಸಿ ಪಾಠಶೋಧನೆ ಮಾಡುವವರಿಗೆ ಆ ತುಣುಕು ಅಮೂಲ್ಯವಾಯಿತು. ಒಪ್ಪದ ಗ್ರಂಥವನ್ನೂ ಸುಡದೆ, ಎಸೆಯದೆ, ತಮ್ಮ ಆಗಮಗಳ ಪಕ್ಕದಲ್ಲಿಯೇ ಕಾಪಾಡಿದ ಆ ಭಂಡಾರಿಗಳು ಅನೇಕಾಂತವನ್ನು ವ್ಯಾಖ್ಯಾನಿಸಲಿಲ್ಲ, ಆಚರಿಸಿದರು.

ಅಂಗಡಿಯ ತಕ್ಕಡಿ

ವ್ಯಾಪಾರದಲ್ಲಿ ತೊಡಗಿರುವ ಶ್ರಾವಕರು ಅರ್ಥಶಾಸ್ತ್ರದ ಎರಡನೆಯ ಮತ್ತು ನಾಲ್ಕನೆಯ ಅಧಿಕರಣಗಳನ್ನು ಒಮ್ಮೆಯಾದರೂ ಓದಬೇಕು. ತೂಕದ ಕಲ್ಲುಗಳನ್ನು ಕಬ್ಬಿಣದಿಂದ, ಇಲ್ಲವೆ ಮಗಧ ಮತ್ತು ಮೇಕಲ ಪ್ರದೇಶಗಳ ಶಿಲೆಯಿಂದ ಮಾಡಬೇಕು, ನೀರು ತಗುಲಿದರೆ ಹೆಚ್ಚದ, ಬಿಸಿ ತಗುಲಿದರೆ ಕುಗ್ಗದ ವಸ್ತು ಅದಾಗಿರಬೇಕು ಎಂದು ಅಲ್ಲಿ ವಿಧಿಸಿದೆ. ನಾಲ್ಕು ತಿಂಗಳಿಗೊಮ್ಮೆ ಅಳತೆ ತೂಕಗಳನ್ನು ಅಧಿಕಾರಿ ಪರೀಕ್ಷಿಸಬೇಕು. ನಿಗದಿಯಾದ ಬೆಲೆಯ ಮೇಲೆ ಸ್ವದೇಶದ ಸರಕಿಗೆ ನೂರಕ್ಕೆ ಐದು, ಪರದೇಶದ ಸರಕಿಗೆ ನೂರಕ್ಕೆ ಹತ್ತು ಲಾಭ. ಅದನ್ನು ಮೀರಿದರೆ ದಂಡ.

ಇದರ ಪಕ್ಕದಲ್ಲಿ ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನಿಟ್ಟು ನೋಡಬಹುದು. ಅಚೌರ್ಯಾಣುವ್ರತಕ್ಕೆ ಹೇಳಿದ ಅತಿಚಾರಗಳು ಐದು: ಕಳವಿಗೆ ಪ್ರೇರಣೆ ಕೊಡುವುದು, ಕದ್ದ ಮಾಲನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಯನ್ನು ಮೀರಿ ವ್ಯವಹರಿಸುವುದು, ಅಳತೆ ತೂಕಗಳಲ್ಲಿ ಹೆಚ್ಚುಕಡಿಮೆ ಮಾಡುವುದು, ಕಲಬೆರಕೆ ಮಾಡಿ ಮಾರುವುದು. ಕೌಟಿಲ್ಯ ದಂಡದಿಂದ ತಡೆಯಹೊರಟ ತಪ್ಪುಗಳನ್ನೇ ಆಚಾರ್ಯರು ವ್ರತದಿಂದ ತಡೆಯುತ್ತಾರೆ. ದಂಡಕ್ಕೆ ಹೆದರಿದವನು ಅಧಿಕಾರಿ ಬರುವ ದಿನ ಮಾತ್ರ ಸರಿಯಾದ ಕಲ್ಲನ್ನು ಹೊರಗೆ ತೆಗೆದಾನು. ವ್ರತ ಹಿಡಿದವನ ಅಂಗಡಿಯಲ್ಲಿ ಎರಡನೆಯ ಕಲ್ಲೇ ಇರುವುದಿಲ್ಲ. ಎರಡು ಗ್ರಂಥಗಳನ್ನೂ ಒಟ್ಟಿಗೆ ಓದಿದರೆ ವ್ಯಾಪಾರಧರ್ಮದ ಒಂದು ಪೂರ್ಣ ಚಿತ್ರ ದೊರೆಯುತ್ತದೆ. ಹಾಗೆ ಓದುವ ಅವಕಾಶ ದೊರೆತದ್ದು ಮೈಸೂರಿನ ಆ ಭವನದಲ್ಲಿ ಒಂದು ಕಟ್ಟು ಬಿಚ್ಚಿದ್ದರಿಂದ.

ಕನ್ನಡದ ಜೈನ ಗ್ರಂಥಗಳು

ಅದೇ ಕಾಲಘಟ್ಟದಲ್ಲಿ ಮೈಸೂರು ಸಂಸ್ಥಾನದಲ್ಲಿ ಕನ್ನಡದ ಪ್ರಾಚೀನ ಗ್ರಂಥಗಳ ಪ್ರಕಟಣೆಯೂ ಆರಂಭವಾಗಿತ್ತು. ಬಿ. ಎಲ್. ರೈಸ್ ಅವರ ಕರ್ನಾಟಕ ಗ್ರಂಥಮಾಲೆಯಲ್ಲಿ 1884ರಲ್ಲಿ ನಾಗವರ್ಮನ ಕರ್ನಾಟಕ ಭಾಷಾಭೂಷಣ, 1890ರಲ್ಲಿ ಭಟ್ಟಾಕಳಂಕನ ಕರ್ನಾಟಕ ಶಬ್ದಾನುಶಾಸನ, 1892ರಲ್ಲಿ ನಾಗಚಂದ್ರನ ರಾಮಾಯಣ, 1898ರಲ್ಲಿ ಪಂಪಭಾರತ ಬಂದವು. ಅದೇ ವರ್ಷ ಕೆ. ಬಿ. ಪಾಠಕರು ಸಂಪಾದಿಸಿದ ಕವಿರಾಜಮಾರ್ಗವೂ ಹೊರಬಂದಿತು. ಆರ್. ನರಸಿಂಹಾಚಾರ್ಯರ ಕರ್ಣಾಟಕ ಕವಿಚರಿತೆಯ ಮೊದಲ ಸಂಪುಟ 1907ರಲ್ಲಿ ಪ್ರಕಟವಾದಾಗ ಕನ್ನಡ ಸಾಹಿತ್ಯದ ಆರಂಭಯುಗದಲ್ಲಿ ಜೈನ ಕವಿಗಳದೇ ಮೇಲುಗೈಯೆಂಬುದು ಸಾಮಾನ್ಯ ಓದುಗನಿಗೂ ತಿಳಿಯಿತು.

ಈ ಸಂಪಾದಕರಲ್ಲಿ ಕ್ರೈಸ್ತರಿದ್ದರು, ಶ್ರೀವೈಷ್ಣವರಿದ್ದರು. ರೈಸ್ ಅವರಿಗೂ ಮುಂಚೆ, 1872ರಲ್ಲಿ, ಕೇಶಿರಾಜನ ಶಬ್ದಮಣಿದರ್ಪಣವನ್ನು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರತಂದ ಕಿಟೆಲ್ ಅವರು ಪಾದ್ರಿಗಳಾಗಿದ್ದರು. ಜೈನರ ಗ್ರಂಥಗಳನ್ನು ಜೈನೇತರರು ಇಷ್ಟು ಶ್ರದ್ಧೆಯಿಂದ ಬೆಳಕಿಗೆ ತಂದರು. ಕೃತಜ್ಞತೆಯೊಡನೆ ಇದನ್ನು ನೆನೆಯಬೇಕು. ಆ ಕಾಲದಲ್ಲಿ ನಮ್ಮ ಮನೆಗಳ ಪೆಟ್ಟಿಗೆಗಳು ಎಷ್ಟು ತೆರೆದಿದ್ದವೆಂಬುದನ್ನೂ ಕೇಳಿಕೊಳ್ಳಬೇಕು.

ಭಟ್ಟಾಕಳಂಕನ ಹೆಸರು ಕರಾವಳಿಯವರಿಗೆ ಹತ್ತಿರದ್ದು. 1604ರಲ್ಲಿ ಸಂಸ್ಕೃತ ಸೂತ್ರಗಳಲ್ಲಿ ಕನ್ನಡದ ವ್ಯಾಕರಣವನ್ನು ರಚಿಸಿದ ಆತ ಭಟ್ಕಳದ ಸಮೀಪದ ಹಾಡುವಳ್ಳಿಯ ಗುರುಪರಂಪರೆಗೆ ಸೇರಿದವನು. ಸಂಗೀತಪುರವೆಂದು ಮೆರೆದ ಹಾಡುವಳ್ಳಿಯಲ್ಲಿ ಈಗ ಉಳಿದಿರುವುದು ಕೆಲವು ಬಸದಿಗಳು ಮತ್ತು ಬಿಂಬಗಳು. ಆ ಪರಂಪರೆಯ ವಿದ್ಯೆ ಉಳಿದದ್ದು ಪ್ರತಿಯಾಗಿ, ಅಚ್ಚಾಗಿ.

1966ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಸ್ಥಾಪನೆಯಾದಾಗ ಪ್ರಾಚ್ಯವಿದ್ಯಾ ಸಂಶೋಧನಾಲಯದ ಕನ್ನಡ ವಿಭಾಗವು ಹಸ್ತಪ್ರತಿಗಳೊಡನೆ ಅಲ್ಲಿಗೆ ಸೇರಿತು. 1971ರಲ್ಲಿ ವಿಶ್ವವಿದ್ಯಾನಿಲಯ ಜೈನಶಾಸ್ತ್ರ ಮತ್ತು ಪ್ರಾಕೃತ ವಿಭಾಗವನ್ನು ತೆರೆದು, ಪ್ರವಚನಸಾರವನ್ನು ಸಂಪಾದಿಸಿ ಖ್ಯಾತರಾಗಿದ್ದ ಡಾ. ಆ. ನೇ. ಉಪಾಧ್ಯೆಯವರನ್ನು ಮೊದಲ ಪ್ರಾಧ್ಯಾಪಕರನ್ನಾಗಿ ಕರೆತಂದಿತು. ಜ್ಯೂಬಿಲಿ ಭವನದ ಕಪಾಟುಗಳಲ್ಲಿ ಹೊತ್ತಿಸಿದ ದೀಪದಿಂದ ಬೇರೆ ದೀಪಗಳು ಹೀಗೆ ಹೊತ್ತಿಕೊಂಡವು.

ಕಾಯುವುದು ಮತ್ತು ಕೊಡುವುದು

ಇಲ್ಲಿ ಕಠಿನವಾದ ಪ್ರಶ್ನೆಯೊಂದು ಎದುರಾಗುತ್ತದೆ. ಕರಾವಳಿಯ ಜೈನರಿಗೆ ಅದು ಹೊಸದಲ್ಲ. ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆಯ ಪ್ರಾಚೀನ ಓಲೆಪ್ರತಿಗಳು ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಮಾತ್ರ ಉಳಿದಿದ್ದವು. ರಾಜ್ಯಗಳು ಏಳಲಿ, ಬೀಳಲಿ, ಮೂಡಬಿದಿರೆಯ ಶ್ರಾವಕರು ಅವನ್ನು ಪ್ರಾಣದಂತೆ ಕಾಯ್ದರು. ಅವರು ಕಾಯದಿದ್ದರೆ ದಿಗಂಬರ ಸಂಪ್ರದಾಯದ ಮೂಲ ಆಗಮ ಇಂದು ಹೆಸರಾಗಿ ಮಾತ್ರ ಇರುತ್ತಿತ್ತು. ಆದರೆ ಕಾಲ ಕಳೆದಂತೆ ಅವು ದರ್ಶನದ ವಸ್ತುಗಳಾದವು. ಯಾತ್ರಿಕರು ಕೈಮುಗಿದು ಹೋಗುತ್ತಿದ್ದರು. ಹಳಗನ್ನಡ ಲಿಪಿಯ ಆ ಪ್ರಾಕೃತವನ್ನು ಓದುವವರು ಇಲ್ಲವಾಗುತ್ತ ಬಂದರು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸೊಲ್ಲಾಪುರದ ಸೇಠ್ ಹೀರಾಚಂದ ನೇಮಚಂದ ಮೊದಲಾದವರ ಪ್ರಯತ್ನದಿಂದ ಪ್ರತಿಮಾಡುವ ಕಾರ್ಯ ಶುರುವಾಯಿತು. ಬ್ರಹ್ಮಸೂರಿ ಶಾಸ್ತ್ರಿಗಳೂ ಗಜಪತಿ ಶಾಸ್ತ್ರಿಗಳೂ ಆ ಕೆಲಸಕ್ಕೆ ಕುಳಿತರು. ಪ್ರತಿಗಳು ಮೂಡಬಿದಿರೆಯಲ್ಲಿಯೇ ಇರಬೇಕೆಂಬುದು ಕಟ್ಟಳೆ. ಗಜಪತಿ ಶಾಸ್ತ್ರಿಗಳು ಪತ್ನಿಯ ನೆರವಿನಿಂದ ಗುಟ್ಟಾಗಿ ಇನ್ನೊಂದು ಪ್ರತಿ ಮಾಡಿದರು. ಅದು ಉತ್ತರದ ಸಹಾರನಪುರವನ್ನು ಸೇರಿತು. ಅಲ್ಲಿಂದ ಹಬ್ಬಿದ ಪ್ರತಿಗಳ ಆಧಾರದ ಮೇಲೆ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಲ್ಲಿ ಧವಲಾದ ಮೊದಲ ಸಂಪುಟ ಅಚ್ಚಾಗಿ, ಮುಂದಿನ ಎರಡು ದಶಕಗಳಲ್ಲಿ ಹದಿನಾರು ಸಂಪುಟಗಳು ಪೂರ್ಣವಾದವು. ಕೆಲಸದ ಮಹತ್ತ್ವ ತಿಳಿದ ಮೇಲೆ ಮೂಡಬಿದಿರೆಯ ಹಿರಿಯರೂ ಮೂಲದೊಡನೆ ತಾಳೆ ನೋಡಲು ಅನುವು ಮಾಡಿಕೊಟ್ಟರು. ಆಮೇಲೆ ಧವಲಾ ಕನ್ನಡ ಅನುವಾದದ ಕಾರ್ಯವನ್ನು ಶ್ರವಣಬೆಳಗೊಳದ ಪ್ರಾಕೃತ ಸಂಸ್ಥೆ ಕೈಗೊಂಡಿತು.

ಗಜಪತಿ ಶಾಸ್ತ್ರಿಗಳು ಮಾಡಿದ್ದು ಸರಿಯೇ? ಒಪ್ಪಿಗೆಯಿಲ್ಲದೆ ತೆಗೆದುಕೊಂಡದ್ದು ಅದತ್ತಾದಾನ, ಕೊಟ್ಟ ಮಾತಿಗೆ ತಪ್ಪಿದ್ದು ಸತ್ಯವ್ರತಕ್ಕೆ ಕುಂದು. ಫಲ ಒಳ್ಳೆಯದಾಯಿತೆಂದು ಈ ದೋಷವನ್ನು ಇಲ್ಲವೆನ್ನುವುದು ಸರಿಯಲ್ಲ. ಹಾಗೆಂದು ಪ್ರತಿ ಹೊರಗೆ ಹೋಗಬಾರದೆಂಬ ಕಟ್ಟಳೆ ದೋಷರಹಿತವೇ? ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ಜ್ಞಾನಾವರಣೀಯ ಕರ್ಮದ ಆಸ್ರವಕ್ಕೆ ಕಾರಣಗಳನ್ನು ಎಣಿಸುವಾಗ ಪ್ರದೋಷ, ನಿಹ್ನವ, ಮಾತ್ಸರ್ಯ, ಅಂತರಾಯ, ಆಸಾದನ, ಉಪಘಾತಗಳನ್ನು ಹೇಳುತ್ತದೆ. ತನ್ನಲ್ಲಿರುವ ಜ್ಞಾನವನ್ನು ಮರೆಮಾಚುವುದು ನಿಹ್ನವ. ಅರ್ಹನಿಗೆ ಕೊಡದಿರುವುದು ಮಾತ್ಸರ್ಯ. ಜ್ಞಾನಸಾಧನೆಗೆ ಅಡ್ಡಿಯಾಗುವುದು ಅಂತರಾಯ. ಬೀಗದ ಕೈ ಹಿಡಿದವನು ತಾನು ಕಾವಲುಗಾರನೆಂದು ತಿಳಿದಿರುತ್ತಾನೆ. ಯಾವ ದಿನದಿಂದ ಆ ಕಾವಲು ಅಂತರಾಯವಾಯಿತೆಂಬುದು ಅವನಿಗೇ ತಿಳಿಯುವುದಿಲ್ಲ.

ಹಾಗೆ ನೋಡಿದರೆ ತಂಜಾವೂರಿನ ಆ ಪಂಡಿತರ ನಡತೆ ಈ ತೊಡಕಿಗೆ ಬಹಳ ಹಿಂದೆಯೇ ಉತ್ತರ ಕೊಟ್ಟಿದೆ. ಅವರು ಗುಟ್ಟು ಮಾಡಲಿಲ್ಲ, ಕಟ್ಟಳೆ ಹಾಕಲಿಲ್ಲ. ಕಾಪಾಡಬಲ್ಲ, ಓದಬಲ್ಲ ಸಾರ್ವಜನಿಕ ಸಂಸ್ಥೆಯೊಂದಿದೆಯೆಂದು ತಿಳಿದು ಅಲ್ಲಿಗೆ ಒಪ್ಪಿಸಿದರು. ಅಂಥ ಸಂಸ್ಥೆ ಇದ್ದದ್ದರಿಂದಲೇ ಅದು ಸಾಧ್ಯವಾಯಿತು. ನಂಬಿಕೆಯಿಂದ ಕೊಡಲು ನಂಬಿಕೆಗೆ ಅರ್ಹವಾದ ಸೂರೊಂದು ಬೇಕು. ಜ್ಯೂಬಿಲಿ ಭವನದ ಮಹತ್ತ್ವದ ತಿರುಳು ಇದು.

ಸೂರು ಸೋರಿದರೆ

ಓಲೆಗೆ ಆಯುಷ್ಯ ಉಂಟು. ಚೆನ್ನಾಗಿ ನೋಡಿಕೊಂಡರೆ ಕೆಲವು ಶತಮಾನ ಬಾಳೀತು. ಕಂಠದಿಂದ ಗೀಚಿದ ಅಕ್ಷರ ಮಸಕಾದಾಗ ಕಾಡಿಗೆ ತೀಡಿ ಒರೆಸಬೇಕು, ಗರಿ ಒಣಗಿ ಮುರಿಯದಂತೆ ಮಜ್ಜಿಗೆಹುಲ್ಲಿನ ಜಾತಿಯ ಸಿಟ್ರೊನೆಲ್ಲಾ ಎಣ್ಣೆ ಸವರಬೇಕು, ದಾರ ಬದಲಿಸಬೇಕು, ಮರದ ಹಲಗೆಗಳ ನಡುವೆ ಬಿಗಿಯಾಗಿ ಕಟ್ಟಿ ಬಟ್ಟೆ ಸುತ್ತಬೇಕು. ಮೈಸೂರಿನ ಸಂಶೋಧನಾಲಯದ ಸಿಬ್ಬಂದಿ ಹಸ್ತಪ್ರತಿಗಳಿಗೆ ಮಾಡುತ್ತ ಬಂದಿರುವ ಉಪಚಾರವೂ ಬಹುಮಟ್ಟಿಗೆ ಇದೇ. ಹಿಂದೆ ಬಸದಿಗಳಲ್ಲಿ, ಬೀಡುಗಳಲ್ಲಿ ಮಾಡುತ್ತಿದ್ದದ್ದೂ ಇದನ್ನೇ. ಈಗ ಇದರ ಜೊತೆಗೆ ಪ್ರತಿ ಗರಿಯ ಚಿತ್ರ ತೆಗೆದು ಗಣಕಯಂತ್ರದಲ್ಲಿ ಉಳಿಸುವ ಕ್ರಮ ಸೇರಿದೆ.

ಕಟ್ಟಡಕ್ಕೂ ಇಂಥದೇ ಉಪಚಾರ ಬೇಕು. ನೂರಮೂವತ್ತು ವರ್ಷ ದಾಟಿದ ಗಾರೆಯ ಗೋಡೆ ಮಳೆಗಾಲಕ್ಕೊಮ್ಮೆ ಪರೀಕ್ಷೆಗೆ ಒಳಗಾಗುತ್ತದೆ. ಇದೇ ಕಾಲದಲ್ಲಿ ಕಟ್ಟಿದ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟಿನಲ್ಲಿ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. ಹಳೆಯ ಕಟ್ಟಡವನ್ನು ಹೊಗಳಿ ಭಾಷಣ ಮಾಡುವುದು ಸುಲಭ. ಹೆಂಚು ಬದಲಿಸುವ, ನೀರಿನ ದಾರಿ ಬಿಡಿಸುವ, ಗೋಡೆಯ ಬಿರುಕಿನಲ್ಲಿ ಬೇರೂರಿದ ಅರಳಿಸಸಿ ಕೀಳುವ ಕೆಲಸಕ್ಕೆ ಪ್ರತಿ ವರ್ಷ ಹಣ ತೆಗೆದಿಡುವುದು ಕಷ್ಟ. ಲೆಕ್ಕಪತ್ರ ಬಲ್ಲ ಯಾವ ವ್ಯಾಪಾರಿಗೂ ಇದು ತಿಳಿದ ಮಾತು. ಕಟ್ಟುವ ವರ್ಷ ಒಮ್ಮೆ ಖರ್ಚು, ಕಾಪಾಡುವ ವರ್ಷಗಳು ನೂರು. ಬಸದಿಗಳ ಜೀರ್ಣೋದ್ಧಾರಕ್ಕೆ ಮನವೊಲಿಯುವ ದಾನಿಗಳು ಬಸದಿಯ ನಿತ್ಯನಿರ್ವಹಣೆಗೆ ಸುಲಭವಾಗಿ ಸಿಗುವುದಿಲ್ಲ. ವಿಶ್ವವಿದ್ಯಾನಿಲಯಗಳ ಕಷ್ಟವೂ ಬೇರೆಯದಲ್ಲ.

ಇನ್ನಂಜೆಯಿಂದ ಮೂಡಬಿದಿರೆಯವರೆಗೆ

ಇನ್ನಂಜೆ, ಕಾಪು, ಕಾರ್ಕಳ, ಮೂಡಬಿದಿರೆಗಳ ಸೀಮೆಯಲ್ಲಿ ಜೈನರ ಇತಿಹಾಸ ಕಲ್ಲಿನಲ್ಲಿ ಎದ್ದು ಕಾಣುತ್ತದೆ. ಕಾರ್ಕಳದ ಬಾಹುಬಲಿ 1432ರಿಂದ ಬಯಲಿನಲ್ಲಿ ನಿಂತು ಮಳೆ ಬಿಸಿಲುಗಳನ್ನು ಸಹಿಸಿದ್ದಾನೆ. 1586ರ ಚತುರ್ಮುಖ ಬಸದಿ ಎದುರಿನ ಗುಡ್ಡದಲ್ಲಿ ಅಚಲವಾಗಿದೆ. ಕಾಪುವಿನ ಧರ್ಮನಾಥ ತೀರ್ಥಂಕರರಿಗೆ ಹದಿನಾರನೆಯ ಶತಮಾನದಲ್ಲಿ ಅಲ್ಲಿನ ಹೆಗ್ಗಡೆ ಮಾಡಿದ ಭೂದಾನ ತಾಮ್ರಶಾಸನದಲ್ಲಿ ಉಳಿದಿದೆ. ಕಲ್ಲಿಗೂ ತಾಮ್ರಕ್ಕೂ ಈ ಸೀಮೆಯ ನಾಲ್ಕು ತಿಂಗಳ ಮಳೆ ಸಹ್ಯ. ಅದೇ ಶತಮಾನದಲ್ಲಿ ಕಾರ್ಕಳ ಮೂಡಬಿದಿರೆಗಳ ಪರಿಸರದಲ್ಲಿ ಭರತೇಶ ವೈಭವವನ್ನು ಹಾಡಿದ ರತ್ನಾಕರವರ್ಣಿಯ ಕಾವ್ಯ ಮಾತ್ರ ತಾಳೆಗರಿಯನ್ನೇ ನಂಬಿ ಉಳಿಯಬೇಕಾಯಿತು. ಪ್ರತಿ ತಲೆಮಾರಿನಲ್ಲಿ ಯಾರೋ ಒಬ್ಬರು ಕುಳಿತು ಪ್ರತಿ ಮಾಡಿದ್ದರಿಂದ ಅದು ಉಳಿಯಿತು.

ಈ ಸೀಮೆಯ ಓಲೆಗಳ ಪಟ್ಟಿ ಮಾಡುವ ಕಾರ್ಯವನ್ನು ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಕೈಗೊಂಡರು. ಮೂಡಬಿದಿರೆ, ಕಾರ್ಕಳ ಮುಂತಾದ ಕಡೆಯ ಭಂಡಾರಗಳನ್ನು ಶೋಧಿಸಿ ಅವರು ಸಿದ್ಧಪಡಿಸಿದ ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿಯನ್ನು ಭಾರತೀಯ ಜ್ಞಾನಪೀಠ 1948ರಲ್ಲಿ ಪ್ರಕಟಿಸಿತು. ಆ ಸೂಚಿಯನ್ನು ಕೈಯಲ್ಲಿ ಹಿಡಿದು, ಅದರಲ್ಲಿ ಹೆಸರಿಸಿದ ಗ್ರಂಥಗಳು ತಮ್ಮ ಸ್ಥಾನದಲ್ಲಿ ಈಗಲೂ ಇವೆಯೇ ಎಂದು ಪ್ರತಿಯೊಂದು ಆಡಳಿತ ಮಂಡಳಿಯೂ ತಾಳೆ ನೋಡಬಹುದು. ದಾಸ್ತಾನು ಪುಸ್ತಕಕ್ಕೂ ಉಗ್ರಾಣಕ್ಕೂ ತಾಳೆಯಿಲ್ಲದ ಅಂಗಡಿಯನ್ನು ಯಾರೂ ನೆಚ್ಚುವುದಿಲ್ಲ. ಶ್ರುತಭಂಡಾರಕ್ಕೆ ಬೇರೆ ನ್ಯಾಯವಿರಲಾರದು.

ಮಾಡಬಹುದಾದ ಕೆಲಸ ದೊಡ್ಡ ಹಣದ್ದಲ್ಲ. ಮನೆಯ ಅಟ್ಟದಲ್ಲಿ, ಬಸದಿಯ ಪೆಟ್ಟಿಗೆಯಲ್ಲಿ ಏನಿದೆಯೆಂದು ಮೊದಲು ಬರೆದಿಡಬೇಕು: ಗ್ರಂಥದ ಹೆಸರು ತಿಳಿಯದಿದ್ದರೆ ಗರಿಗಳ ಸಂಖ್ಯೆ, ಅಳತೆ, ಲಿಪಿ, ಸ್ಥಿತಿ. ಎರಡನೆಯದಾಗಿ, ಲಿಪಿ ಬಲ್ಲವರನ್ನು ಕರೆಸಿ ಓದಿಸಬೇಕು. ಮೂರನೆಯದಾಗಿ, ಓಲೆಯನ್ನು ಕೊಡಲು ಮನಸ್ಸಿಲ್ಲದವರು ಅದರ ಚಿತ್ರ ತೆಗೆಯಲಾದರೂ ಒಪ್ಪಬೇಕು. ಮೂಲ ಬಸದಿಯಲ್ಲಿಯೇ ಉಳಿದೀತು, ಜ್ಞಾನ ಹೊರಗೆ ಹೋದೀತು. ಗಜಪತಿ ಶಾಸ್ತ್ರಿಗಳ ಕಾಲದ ಧರ್ಮಸಂಕಟ ಈಗ ಉಳಿದಿಲ್ಲ. 2003ರಲ್ಲಿ ಭಾರತ ಸರ್ಕಾರ ಹಸ್ತಪ್ರತಿಗಳ ರಾಷ್ಟ್ರೀಯ ಅಭಿಯಾನವನ್ನು ಆರಂಭಿಸಿದ ಮೇಲೆ ಇಂಥ ಕೆಲಸಕ್ಕೆ ತರಬೇತಿ ಪಡೆದವರ ಸಂಖ್ಯೆಯೂ ಹೆಚ್ಚಿದೆ. ನಾಲ್ಕನೆಯದಾಗಿ, ಸ್ವಂತವಾಗಿ ಕಾಪಾಡಲಾರದ ಕುಟುಂಬಗಳು ಮೂಡಬಿದಿರೆಯ ಮಠಕ್ಕೋ, ಧರ್ಮಸ್ಥಳದ ಸಂಶೋಧನ ಪ್ರತಿಷ್ಠಾನಕ್ಕೋ, ವಿಶ್ವವಿದ್ಯಾನಿಲಯದ ಭಂಡಾರಕ್ಕೋ ರಸೀದಿ ಪಡೆದು ಒಪ್ಪಿಸಬೇಕು. ಅದರಿಂದ ಹಿರಿಯರಿಗೆ ಅಗೌರವವಾಗದು. ಅವರು ಬರೆದದ್ದು ಓದಲಿಕ್ಕಾಗಿ.

ಜ್ಯೇಷ್ಠ ಶುದ್ಧ ಪಂಚಮಿ ಶ್ರುತಪಂಚಮಿ. ಪುಷ್ಪದಂತ ಭೂತಬಲಿ ಆಚಾರ್ಯರು ಷಟ್ಖಂಡಾಗಮವನ್ನು ಲಿಪಿಗಿಳಿಸಿ ಮುಗಿಸಿದ ದಿನವೆಂದು ಅಂದು ಶಾಸ್ತ್ರಪೂಜೆ ನಡೆಯುತ್ತದೆ. ಹಿರಿಯರು ಅಂದು ಗ್ರಂಥಗಳನ್ನು ಹೊರಗೆ ತೆಗೆದು, ಗಾಳಿಗೆ ಹಿಡಿದು, ಧೂಳು ಒರೆಸಿ, ಹೊಸ ವಸ್ತ್ರ ಸುತ್ತಿ ಒಳಗಿಡುತ್ತಿದ್ದರು. ಮುಂಗಾರು ಕರಾವಳಿಗೆ ಕಾಲಿಡುವ ಹೊತ್ತಿಗೇ ಈ ಹಬ್ಬ ಬರುವುದು ಕೇವಲ ಆಕಸ್ಮಿಕವಲ್ಲವೆನಿಸುತ್ತದೆ. ಕಟ್ಟಿಗೆ ಹೊರಗಿನಿಂದಲೇ ಗಂಧ ಹಚ್ಚಿ ಆರತಿ ಎತ್ತುವ ರೂಢಿ ಬೆಳೆದಿದ್ದರೆ, ಮುಂದಿನ ಶ್ರುತಪಂಚಮಿಯಂದು ದಾರದ ಗಂಟನ್ನು ಬಿಚ್ಚಿ ನೋಡುವ ಪದ್ಧತಿಯನ್ನು ಮರಳಿ ತರಬಹುದು. ಒಳಗೆ ಈಗಾಗಲೇ ಅಚ್ಚಾದ ಗ್ರಂಥದ ಇನ್ನೊಂದು ಪ್ರತಿಯೇ ಇದ್ದೀತು. ಗೆದ್ದಲು ತಿಂದ ಹುಡಿಯೇ ಇದ್ದೀತು. ನಾಡು ಕಳೆದುಹೋಯಿತೆಂದು ತಿಳಿದಿರುವ ಒಂದು ಗ್ರಂಥವೂ ಇದ್ದೀತು. ಯಾವುದೆಂದು ಬಿಚ್ಚದೆ ತಿಳಿಯುವುದಿಲ್ಲ.